ಒಂದು ತಂತಿಯೋ ಎರಡೋ

ಶಿರಾಲಿ ಪೇಟೆಯಿಂದ ಅಳ್ವೆಕೋಡಿಗೆ ಇಳಿಯುವ ದಾರಿಯಲ್ಲಿ ಒಂದು ಹಂಚಿನ ಮನೆ. ಜಗಲಿಯಲ್ಲಿ ಇಬ್ಬರು. ಒಬ್ಬರು ಹೈಸ್ಕೂಲಿನಲ್ಲಿ 32 ವರ್ಷ ವಿಜ್ಞಾನ ಕಲಿಸಿದ ಮಾಸ್ತರು. ವಯಸ್ಸು 76, ಹವ್ಯಾಸ ಯಕ್ಷಗಾನದ ಚಂಡೆ. ಇನ್ನೊಬ್ಬಳು ಅವರ ತಂಗಿಯ ಮಗಳು. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೃದಯದ ಎಕೋ ತೆಗೆಯುವುದು ಅವಳ ಕೆಲಸ, ರಜೆಗೆ ಬಂದಿದ್ದಾಳೆ. ಬೆಳಿಗ್ಗೆ ಮಾವ ಬಚ್ಚಲಲ್ಲಿ ತಲೆ ಸುತ್ತಿ ಗೋಡೆ ಹಿಡಿದರು. ಮಧ್ಯಾಹ್ನ ಭಟ್ಕಳದಲ್ಲಿ ಇಸಿಜಿ ಆಯಿತು. ನಾಡಿ ನಿಮಿಷಕ್ಕೆ 38. ಹೃದಯದ ಮೇಲಿನ ಗೂಡಿನಿಂದ ಕೆಳಗಿನ ಗೂಡಿಗೆ ಹೋಗುವ ಸುದ್ದಿಯ ದಾರಿ ಕಡಿದಿದೆ, ಪೇಸ್‌ಮೇಕರ್ ಹಾಕಲೇಬೇಕು, ಇವತ್ತೇ ಹೊರಡಿ ಎಂದರು ಡಾಕ್ಟರು. ಮಣಿಪಾಲಕ್ಕೆ ಕಾರು ಹೇಳಿಯಾಗಿದೆ. ಬರಲು ಒಂದು ತಾಸು. ಹೋಗಬೇಕೋ ಬೇಡವೋ ಎಂಬ ಪ್ರಶ್ನೆಯೇ ಇಲ್ಲ. ತಕರಾರು ಬೇರೆಯದು. ಕೆಳಗಿನ ಗೂಡಿಗೆ ಮಾತ್ರ ಹೋಗುವ ಒಂದು ತಂತಿಯ ಯಂತ್ರ ಸಾಕೋ, ಮೇಲಿನ ಗೂಡಿಗೂ ಇನ್ನೊಂದು ತಂತಿ ಬೇಕೋ? ಪಕ್ಕದ ಮನೆಯವನಾದ ನಾನು ಕವಳದ ತಟ್ಟೆ ಹತ್ತಿರ ಎಳೆದುಕೊಂಡು ಕೂತೆ.

ಮಾವ: ನೋಡು ತಂಗಿ, ಎಷ್ಟು ಸಾವಿರ ಸಲ ಬೋರ್ಡಿನ ಮೇಲೆ ಈ ಹೃದಯ ಬರೆದವ ನಾನು. ಮೇಲೆ ಎರಡು ಸಣ್ಣ ಕೋಣೆ, ಕೆಳಗೆ ಎರಡು ದೊಡ್ಡ ಕೋಣೆ. ಮೇಲಿನದಕ್ಕೆ ತೆಳು ಗೋಡೆ, ಕೆಳಗಿನದಕ್ಕೆ ದಪ್ಪ ಗೋಡೆ. ಗೋಡೆ ನೋಡಿದರೇ ಗೊತ್ತಾಗುವುದಿಲ್ಲವಾ, ದುಡಿಯುವವ ಯಾರು ಅಂತ? ಮೇಲಿನದು ಬಂದ ರಕ್ತ ಇಳಿಸಿಕೊಳ್ಳುವ ಜಾಗ, ಈ ಜಗಲಿ ಇದ್ದ ಹಾಗೆ. ಜಗಲಿ ಇಲ್ಲದ ಮನೆಯಲ್ಲೂ ಅಡಿಗೆ ಆಗುತ್ತದೆ.

ಸೊಸೆ: ಜಗಲಿ ಅಂತ ನೀವು ಹೇಳಿದ್ದು ತಪ್ಪಲ್ಲ ಮಾವ. ಇಂಗ್ಲಿಷಿನಲ್ಲಿ ಅದಕ್ಕೆ ಏಟ್ರಿಯಮ್ ಅಂತಾರೆ. ಹಳೆ ರೋಮನ್ನರ ಮನೆಯ ನಡುಕೋಣೆಯ ಹೆಸರು ಅದು. ನಮ್ಮ ತೊಟ್ಟಿಮನೆ ಹಾಗೆ, ಮೇಲೆ ಮಾಡು ತೆರೆದಿರುತ್ತಿತ್ತು, ಕೆಳಗೆ ಮಳೆನೀರು ಬೀಳುವ ಕೊಳ.

ಮಾವ: ಮತ್ತೆ? ನನ್ನ ಮಾತಿಗೇ ಬಂದೆಯಲ್ಲ.

ಸೊಸೆ: ಪೂರ್ತಿ ಬರಲಿಲ್ಲ. ನೀವು ಮಕ್ಕಳಿಗೆ ಕಲಿಸಿದ ಹೆಸರು ಬೇರೆ. ಹೃತ್ಕರ್ಣ, ಹೃತ್ಕುಕ್ಷಿ. ಕಿವಿ, ಹೊಟ್ಟೆ.

ಮಾವ: ಹೌದು. ಆ ಮೇಲಿನ ಗೂಡಿನ ಬದಿಗೆ ನಾಯಿಯ ಕಿವಿಯ ಹಾಗೆ ಒಂದು ಮಡಿಕೆ ಜೋತಿರುತ್ತದೆ, ಅದಕ್ಕೆ ಕಿವಿ ಅಂದರು. ಲ್ಯಾಟಿನ್‌ನಲ್ಲೂ ಹಾಗೇ, ಪುಟ್ಟ ಕಿವಿ. ಹೆಸರಿನಿಂದ ಕೆಲಸ ಗೊತ್ತಾಗುವುದಾದರೆ ಹೊಟ್ಟೆ ದುಡಿಯುತ್ತದೆ, ಕಿವಿ ಸುಮ್ಮನೆ ಜೋತಿರುತ್ತದೆ.

ಸೊಸೆ: ಲೆಕ್ಕ ಮಾಡುವ. ಹೊಟ್ಟೆ ತುಂಬಿದಾಗ ಒಳಗೆ ಎಷ್ಟು ರಕ್ತ?

ಮಾವ: ಸುಮಾರು 120 ಮಿಲಿಲೀಟರ್. ಒಂದು ಸಲ ಹಿಂಡಿದರೆ 70 ಹೊರಗೆ, 50 ಒಳಗೆ. ನಿಮಿಷಕ್ಕೆ 72 ಬಡಿತ, 5 ಲೀಟರ್. ಇದನ್ನು ನನಗೇ ಕೇಳುತ್ತೀಯಲ್ಲ!

ಸೊಸೆ: ಆ 70ರಲ್ಲಿ ಕಿವಿಯ ಪಾಲು?

ಮಾವ: ಕವಾಟ ತೆರೆದ ಕೂಡಲೇ ರಕ್ತ ತಾನೇ ಇಳಿದು ಹೋಗುತ್ತದೆ. ಮುಕ್ಕಾಲು ಪಾಲು ಹಾಗೇ ತುಂಬುತ್ತದೆ. ಕೊನೆಗೆ ಕಿವಿ ಒಮ್ಮೆ ಹಿಂಡುತ್ತದೆ, ಅದರಿಂದ 20, 25, ಹೆಚ್ಚೆಂದರೆ 30 ಪರ್ಸೆಂಟ್. ಅಂದರೆ ಸುಮಾರು 15 ಮಿಲಿಲೀಟರ್. ಕಷಾಯ ಕುಡಿಯುವ ದೊಡ್ಡ ಚಮಚ ಒಂದು. ಅದಕ್ಕೊಂದು ತಂತಿ, ಅದಕ್ಕೆ ಬೇರೆ ದುಡ್ಡು!

ಸೊಸೆ: ಒಂದು ಬಡಿತಕ್ಕೆ ಒಂದು ಚಮಚ. 72ರಿಂದ ಗುಣಿಸಿ. ನಿಮಿಷಕ್ಕೆ ಒಂದು ಲೀಟರಿಗಿಂತ ಮೇಲೆ ಆಯಿತಾ? ದಿನಕ್ಕೆ ಸಾವಿರದೈನೂರು ಲೀಟರ್. ನಿಮ್ಮ ಹಿತ್ತಲ ಸಿಂಟೆಕ್ಸ್ ಟಾಂಕಿ ಐನೂರರದ್ದು. ಮೂರು ಟಾಂಕಿ ಮಾವ, ದಿನಾ.

ಮಾವ: (ನಕ್ಕು) ಗುಣಾಕಾರದಿಂದ ಹೆದರಿಸಬೇಡ. ಕಿವಿ ಕೈಬಿಟ್ಟರೆ ಹೊಟ್ಟೆ ಸುಮ್ಮನಿರುತ್ತದಾ? ಸ್ವಲ್ಪ ಹೆಚ್ಚು ಸಲ ಬಡಿದು ಸರಿದೂಗಿಸಿಕೊಳ್ಳುತ್ತದೆ. ಕುಳಿತಲ್ಲಿ ಇರುವವನಿಗೆ ಗೊತ್ತೇ ಆಗುವುದಿಲ್ಲ.

ಸೊಸೆ: ಕುಳಿತಲ್ಲಿ ಇರುವವನಿಗೆ. ಅದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಕೇಳುತ್ತೇನೆ. ಈಗ ನಮ್ಮ ಶಿರಾಲಿ ಸ್ಟಾಪಿಗೆ ಬನ್ನಿ. ಭಟ್ಕಳದಿಂದ ಕುಮಟೆಗೆ ಹೋಗುವ ಬಸ್ಸು ಬರುವ ಮುಂಚೆ ಜನ ಎಲ್ಲಿರುತ್ತಾರೆ?

ಮಾವ: ತಂಗುದಾಣದಲ್ಲಿ. ಮಳೆಯಲ್ಲಿ ಇನ್ನೆಲ್ಲಿರುತ್ತಾರೆ?

ಸೊಸೆ: ಬಾಗಿಲು ತೆರೆದ ಕೂಡಲೇ ಕೂಡಿದವರೆಲ್ಲ ನುಗ್ಗುತ್ತಾರೆ. ಆಮೇಲೆ ಒಬ್ಬೊಬ್ಬರೇ ಓಡಿ ಬರುತ್ತಾರೆ. ಕಡೆಗೆ ಕಂಡಕ್ಟರ್ ಇಳಿದು, ಮುಂದೆ ಹೋಗಿ ಮುಂದೆ ಹೋಗಿ ಅಂತ ಬಾಗಿಲಲ್ಲಿ ನಿಂತ ನಾಲ್ಕು ಜನರನ್ನು ಒಳಗೆ ದೂಡಿ ಸೀಟಿ ಹೊಡೆಯುತ್ತಾನೆ. ಎಕೋ ಪರದೆಯ ಮೇಲೆ ನಾನು ದಿನಾ ನೋಡುವುದು ಇದನ್ನೇ. ಕವಾಟದ ಬಾಯಲ್ಲಿ ರಕ್ತದ ವೇಗ ಅಳೆದರೆ ಎರಡು ಗುಡ್ಡ ಮೂಡುತ್ತವೆ. ಮೊದಲ ಗುಡ್ಡ ನುಗ್ಗಿದವರದ್ದು. ಎರಡನೆಯದು ಕಂಡಕ್ಟರ್ ದೂಡಿದ್ದು.

ಮಾವ: ಮೊದಲ ಗುಡ್ಡ ದೊಡ್ಡದು.

ಸೊಸೆ: ಇಪ್ಪತ್ತರ ಹುಡುಗನದ್ದಾದರೆ ಹೌದು, ಎರಡನೆಯದು ಅದರ ಅರ್ಧವೋ ಏನೋ. ವಯಸ್ಸಾದ ಹಾಗೆ ಹೊಟ್ಟೆಯ ಗೋಡೆ ಬಿರುಸಾಗುತ್ತದೆ, ಬಿಪಿ ಇದ್ದವರಿಗೆ ಇನ್ನೂ ಬೇಗ. ಬಿರುಸಾದ ಹೊಟ್ಟೆ ಬೇಗ ಸಡಿಲುವುದಿಲ್ಲ. ಬಸ್ಸಿನ ತುಂಬ ಯಾರೋ ಅಡಿಕೆ ಮೂಟೆ ಹಾಕಿದ ಹಾಗೆ. ತಾನಾಗಿ ಹತ್ತುವವರು ಕಮ್ಮಿ, ದೂಡಬೇಕಾದವರು ಹೆಚ್ಚು. ಹೋದ ವರ್ಷ ನಿಮ್ಮ ಎಕೋ ತೆಗೆದವಳು ನಾನೇ. ನಿಮ್ಮ ಎರಡನೆಯ ಗುಡ್ಡ ಮೊದಲನೆಯದಕ್ಕಿಂತ ಎತ್ತರ ಇತ್ತು.

ಮಾವ: ಆಗ ಹೇಳಲಿಲ್ಲ?

ಸೊಸೆ: ನಿಮ್ಮ ವಯಸ್ಸಿಗೆ ಅದು ಬಹಳ ಜನರಿಗೆ ಇರುವಂಥದ್ದೇ. ಹೇಳುವಂಥದ್ದು ಏನೂ ಇರಲಿಲ್ಲ, ನಿನ್ನೆಯವರೆಗೆ.

ಮಾಸ್ತರು ಸುಮ್ಮನಾದರು. ಒಳಗಿನಿಂದ ಅವರ ಹೆಂಡತಿ ಬಟ್ಟೆಯ ಚೀಲ ತಂದಿಟ್ಟು, ವಾಯರು ಒಂದಾದರೂ ಎರಡಾದರೂ ಬಿಪಿ ಮಾತ್ರೆ ಚೀಲದ ಹೊರಗಿನ ಕಿಸೆಯಲ್ಲಿದೆ ಎಂದು ಹೇಳಿ ಹೋದರು. ಈ ಚರ್ಚೆಯಲ್ಲಿ ಅವರಿಗೆ ಇದ್ದ ಆಸಕ್ತಿ ಅಷ್ಟೇ.

ಸೊಸೆ: ಇನ್ನೊಂದು. ನೀವು ಮುಕ್ಕಾಲು ಪಾಲು ತಾನೇ ತುಂಬುತ್ತದೆ ಅಂದಿರಿ. ತಾನೇ ಅಂದರೆ? ಹೊಟ್ಟೆ ಹಿಂಡುವಾಗ ಬಾಗಿಲು ಮುಚ್ಚಿರುತ್ತದೆ. ಆ ಹೊತ್ತಿಗೂ ರಕ್ತನಾಳಗಳಿಂದ ರಕ್ತ ಬರುತ್ತಲೇ ಇರುತ್ತದಲ್ಲ, ಅದು ನಿಲ್ಲುವುದು ಎಲ್ಲಿ?

ಮಾವ: ತಂಗುದಾಣದಲ್ಲಿ.

ಸೊಸೆ: ತಂಗುದಾಣ ಹಿಗ್ಗಿ ಹಿಡಿದುಕೊಂಡರೆ ತಾನೇ ಬಾಗಿಲು ತೆರೆದಾಗ ನುಗ್ಗಲಿಕ್ಕೆ ಜನ ಇರುವುದು! ಮೊದಲ ಗುಡ್ಡದ ಕೆಳಗೂ ಕಿವಿಯ ಕೆಲಸ ಇದೆ. ಕೂಡಿಡುವುದು, ದಾಟಿಸುವುದು, ಕೊನೆಗೆ ದೂಡುವುದು. ನೀವು ಲೆಕ್ಕಕ್ಕೆ ಹಿಡಿದದ್ದು ಮೂರನೆಯದನ್ನು ಮಾತ್ರ.

ಮಾವ: ಇರಲಿ, ಒಪ್ಪಿದೆ. ಆದರೆ ಹಿಗ್ಗಲಿಕ್ಕೆ ತಂತಿ ಬೇಡವಲ್ಲ! ಆ ಕೆಲಸ ಒಂದು ತಂತಿಯಲ್ಲೂ ನಡೆಯುತ್ತದೆ. ಮತ್ತೆ ಒಂದು ಮಾತು, ಕಿವಿ ಹಿಗ್ಗುವುದು ಸಹ ಸ್ವಂತ ಬಲದಿಂದ ಮಾತ್ರ ಅಲ್ಲ. ಹೊಟ್ಟೆ ಹಿಂಡುವಾಗ ನಡುವಿನ ಕವಾಟದ ತಳವನ್ನೇ ಕೆಳಗೆ ಎಳೆಯುತ್ತದೆ. ಆ ಎಳೆತಕ್ಕೆ ಮೇಲಿನ ಗೂಡು ದೊಡ್ಡದಾಗಿ ರಕ್ತ ಒಳಗೆ ಬರುತ್ತದೆ. ಅಲ್ಲಿಯೂ ದುಡಿಯುವುದು ಹೊಟ್ಟೆಯೇ.

ಸೊಸೆ: ಇದು ನನಗೆ ಪರೀಕ್ಷೆಯಲ್ಲಿ ಬಂದಿತ್ತು. ನಿಮಗೆ ಹೇಗೆ ಗೊತ್ತು?

ಮಾವ: ಮಾಸ್ತರ ಬುದ್ಧಿ ನಿವೃತ್ತಿ ಆಗುವುದಿಲ್ಲ. ನನ್ನ ವಿರುದ್ಧದ ಸಾಕ್ಷಿಯನ್ನೂ ನಾನೇ ಹೇಳುತ್ತೇನೆ ಕೇಳು. ವಿಲಿಯಂ ಹಾರ್ವೆ 1628ರಲ್ಲಿ ಪುಸ್ತಕ ಬರೆದ. ಬದುಕಿರುವ ಪ್ರಾಣಿಗಳ ಎದೆ ತೆರೆದು ನೋಡಿದವ. ಮೊದಲು ಕಿವಿ ಹಿಂಡುತ್ತದೆ, ಹಿಂದೆಯೇ ಹೊಟ್ಟೆ ಹಿಂಡುತ್ತದೆ ಅಂತ ಕ್ರಮ ಹೇಳಿದ. ಪ್ರಾಣಿ ಸಾಯುತ್ತಾ ಬಂದಾಗ ಹೊಟ್ಟೆ ನಿಂತ ಮೇಲೂ ಬಲಗಿವಿ ಮಿಡಿಯುತ್ತಿತ್ತಂತೆ. ಎಲ್ಲಕ್ಕಿಂತ ಕೊನೆಗೆ ಸಾಯುವುದು ಅದು.

ಸೊಸೆ: ಅಲ್ಲಿಯೇ ಅಲ್ಲವಾ ಮಿಡಿತ ಹುಟ್ಟುವ ಗಂಟು ಇರುವುದು. ಹಾರ್ವೆಗೆ ಅದು ಕಾಣಲಿಲ್ಲ. 1907ರಲ್ಲಿ ಆರ್ಥರ್ ಕೀತ್, ಮಾರ್ಟಿನ್ ಫ್ಲ್ಯಾಕ್ ಅಂತ ಇಬ್ಬರು ಬರೆದರು. ಫ್ಲ್ಯಾಕ್ ಆಗಿನ್ನೂ ಓದುವ ಹುಡುಗ. ನೆಲ ಕೊರೆಯುವ ಮೋಲ್ ಎನ್ನುವ ಪುಟ್ಟ ಪ್ರಾಣಿಯ ಹೃದಯದಲ್ಲಿ ಮೊದಲು ಅವನ ಕಣ್ಣಿಗೆ ಬಿದ್ದದ್ದು. ಅದಕ್ಕೂ ಒಂದು ವರ್ಷ ಮೊದಲು ಜಪಾನಿನ ಸುನಾವೊ ತವಾರ, ಮೇಲಿನಿಂದ ಕೆಳಗೆ ಸುದ್ದಿ ದಾಟಿಸುವ ಗಂಟನ್ನು ಹುಡುಕಿದ್ದ. ನಿಮ್ಮದು ಕೆಟ್ಟದ್ದು ಆ ತವಾರನ ಕಡೆಯದ್ದು. ಮೇಲಿನ ಗಂಟು ಚೆನ್ನಾಗಿದೆ. ಇಸಿಜಿಯಲ್ಲಿ ನೋಡಿದೆ, ಕಿವಿ ನಿಮಿಷಕ್ಕೆ 80 ಸಲ ಕ್ರಮವಾಗಿ ಮಿಡಿಯುತ್ತಿದೆ. ಹೊಟ್ಟೆಗೆ ಕೇಳುತ್ತಿಲ್ಲ. ಅದು ತನ್ನಷ್ಟಕ್ಕೆ 38.

ಮಾವ: ಮೇಲಿನವ ಹಲೋ ಹಲೋ ಅನ್ನುತ್ತಲೇ ಇದ್ದಾನೆ, ನಮ್ಮ ಮಳೆಗಾಲದ ಫೋನಿನ ಹಾಗೆ.

ಸೊಸೆ: ಅನ್ನುವುದು ಮಾತ್ರ ಅಲ್ಲ, ದೂಡುತ್ತಲೂ ಇದ್ದಾನೆ. ಬಾಗಿಲು ಮುಚ್ಚಿದೆಯೋ ತೆರೆದಿದೆಯೋ ನೋಡದೆ. (ಮೊಬೈಲಿನ ಬೆಳಕು ಅವರ ಕುತ್ತಿಗೆಯ ಬಲಗಡೆಗೆ ಹಿಡಿದು, ನನಗೆ) ಇಲ್ಲಿ ನೋಡಿ.

ನೋಡಿದೆ. ಕುತ್ತಿಗೆಯ ನಾಳ ಸಣ್ಣಗೆ ಅಲುಗುತ್ತಿತ್ತು. ನಡುವೆ ಒಮ್ಮೆಲೇ, ಒಳಗಿನಿಂದ ಯಾರೋ ಗುದ್ದಿದ ಹಾಗೆ ಎದ್ದು ಕೂತಿತು. ಮತ್ತೆ ಸುಮ್ಮನೆ. ಎಣಿಸಿಕೊಂಡು ಕಾದರೆ ಇನ್ನೊಮ್ಮೆ.

ಸೊಸೆ: ಹೊಟ್ಟೆ ಬಾಗಿಲು ಹಾಕಿ ಹಿಂಡುವ ಹೊತ್ತಿಗೇ ಕಿವಿಯೂ ಹಿಂಡಿದರೆ ಹೀಗಾಗುತ್ತದೆ. ಮುಂದೆ ಹೋಗಲಿಕ್ಕೆ ದಾರಿ ಇಲ್ಲ. ಹಿಂದೆ, ರಕ್ತ ಬರುವ ನಾಳಗಳ ಬಾಯಲ್ಲಿ ಹೇಳಿಕೊಳ್ಳುವಂಥ ಕವಾಟ ಇಲ್ಲ. ನಮ್ಮ ಅಳಿವೆಗೆ ಬಾಗಿಲು ಉಂಟಾ ಮಾವ? ಭರತ ಬಂದಾಗ ವೆಂಕಟಾಪುರ ಹೊಳೆಯ ನೀರು ಹಿಂದಕ್ಕೆ ಏರುವುದಿಲ್ಲವಾ, ಹಾಗೇ ರಕ್ತ ಕುತ್ತಿಗೆಗೆ ಏರುತ್ತದೆ. ಎಡಗಡೆಯಲ್ಲಾದರೆ ಶ್ವಾಸಕೋಶದ ಕಡೆಗೆ. ಒಂದೇ ತಂತಿ ಹಾಕಿ ಹೊಟ್ಟೆಯನ್ನು 60ಕ್ಕೆ ಏರಿಸಿದರೆ ತಲೆಸುತ್ತು ಹೋಗುತ್ತದೆ. ಜೀವಕ್ಕೆ ಭಯ ಇಲ್ಲ. ಆದರೆ ಈ ಗುದ್ದಾಟ ಉಳಿದೇ ಉಳಿಯುತ್ತದೆ. ಕೆಲವರಿಗೆ ಅದರಿಂದಲೇ ಕುತ್ತಿಗೆ ಬಡಿದಂತೆ, ಉಸಿರು ಸಾಲದಂತೆ, ಸುಸ್ತು. ಪೇಸ್‌ಮೇಕರ್ ಸಿಂಡ್ರೋಮ್ ಅಂತಲೇ ಹೆಸರಿದೆ.

ಮಾವ: ಕೆಲವರಿಗೆ ಅಂದೆ. ಎಲ್ಲರಿಗೂ ಅಲ್ಲ.

ಸೊಸೆ: ಎಲ್ಲರಿಗೂ ಅಲ್ಲ.

ಮಾವ: ಯಾರಿಗೆ ಆಗುತ್ತದೆ ಅಂತ ಮೊದಲೇ ಹೇಳಬಹುದಾ?

ಸೊಸೆ: ಖಚಿತವಾಗಿ ಹೇಳಲಿಕ್ಕೆ ಆಗುವುದಿಲ್ಲ.

ಮಾವ: ಹಾಗಾದರೆ ನನ್ನ ಕಾಗದ ಓದುತ್ತೇನೆ. ಮಗ ಬೆಂಗಳೂರಿನಿಂದ ಮಧ್ಯಾಹ್ನವೇ ಕಳಿಸಿದ್ದಾನೆ. ಬ್ರಿಟನ್ನಿನಲ್ಲಿ ಒಂದು ಅಧ್ಯಯನ, 2005ರಲ್ಲಿ ಪ್ರಕಟ ಆದದ್ದು. 70 ದಾಟಿದ 2,021 ಜನ. ಕಾಯಿಲೆ ನನ್ನದೇ, ಮೇಲಿನ ಸುದ್ದಿ ಕೆಳಗೆ ಬಾರದ್ದು. ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ಒಂದು ತಂತಿ, ಅರ್ಧ ಜನಕ್ಕೆ ಎರಡು. ಸುಮಾರು ಐದು ವರ್ಷ ನೋಡಿದರು. ಸತ್ತವರ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ! ಹಾಕುವಾಗಿನ ತೊಡಕು ಮಾತ್ರ ಎರಡು ತಂತಿಯವರಿಗೆ ಹೆಚ್ಚು. ಈಗ ಹೇಳು.

ಸೊಸೆ: ಅದು ಸರಿಯಾದ ಅಧ್ಯಯನವೇ ಮಾವ. ಅಲ್ಲಗಳೆಯುವುದಿಲ್ಲ.

ಮಾವ: ಅಲ್ಲಗಳೆ ಒಮ್ಮೆ, ವಾದಕ್ಕೆ ರುಚಿ ಇರಲಿ.

ಸೊಸೆ: ಅವರು ಎಣಿಸಿದ್ದು ಮುಖ್ಯವಾಗಿ ಸಾವನ್ನು. ನಾನು ಕೇಳುವುದು ಬದುಕನ್ನು. ಮಠದ ರಥಬೀದಿಯಲ್ಲಿ ಒಂದು ಸುತ್ತು ಬಂದರೆ ಏದುಸಿರು ಬರುತ್ತದೋ ಇಲ್ಲವೋ, ರಾತ್ರಿ ಮೂರು ದಿಂಬು ಬೇಕೋ ಒಂದು ಸಾಕೋ. ಅದೇ ಕಾಲದಲ್ಲಿ ಅಮೆರಿಕದಲ್ಲಿ ಇನ್ನೊಂದು ಅಧ್ಯಯನ ಆಯಿತು, 2002ರದ್ದು. ಅಲ್ಲಿ ಕಾಯಿಲೆ ಸ್ವಲ್ಪ ಬೇರೆ, ಮೇಲಿನ ಗಂಟೇ ಸೋತವರು. ಅಲ್ಲಿಯೂ ಸಾವಿನಲ್ಲಿ ವ್ಯತ್ಯಾಸ ಇಲ್ಲ. ಆದರೆ ಕೆಳಗೆ ಮಾತ್ರ ಹೊಡೆಸಿಕೊಂಡವರಲ್ಲಿ ಸುಮಾರು ಐದಾರು ಜನರಿಗೆ ಒಬ್ಬರಂತೆ ಆ ಗುದ್ದಾಟ ತಡೆಯಲಾಗದೆ ಯಂತ್ರದ ಕ್ರಮವನ್ನೇ ಬದಲಿಸಬೇಕಾಯಿತು.

ಮಾವ: ಐದರಲ್ಲಿ ನಾಲ್ಕು ಜನ ಸುಖವಾಗಿದ್ದರು ಅಂತಲೂ ಓದಬಹುದು.

ಸೊಸೆ: ಓದಬಹುದು.

ಮಾವ: ಮತ್ತೆ ನಾನು ಎಂತಹ ಓಡಾಟ ಮಾಡುವವ? ಬೆಳಿಗ್ಗೆ ಹಾಲು, ಸಂಜೆ ಪೇಟೆ. ಶಿರಾಲಿಯಲ್ಲಿ ಬದುಕುವವನಿಗೆ ಇನ್ನೊಂದು ಲೆಕ್ಕ ಇದೆ, ಅದು ನಿಮ್ಮ ಮಂಗಳೂರಿನವರಿಗೆ ಗೊತ್ತಾಗುವುದಿಲ್ಲ. ಇಲ್ಲಿ ಏನಾದರೂ ಕೆಟ್ಟರೆ ರಿಪೇರಿಗೆ ಎರಡು ತಾಸಿನ ದಾರಿ. ಮೇಲಿನ ತಂತಿ ಜಾರಿತು ಅಂದರೆ ಮತ್ತೆ ಕಾರು, ಮತ್ತೆ ಟೋಲು, ಮತ್ತೆ ವಾರ್ಡು. ನಮ್ಮ ಜಿಲ್ಲೆಗೆ ಒಂದು ದೊಡ್ಡ ಆಸ್ಪತ್ರೆ ಕೊಡಿ ಅಂತ 2022ರಲ್ಲಿ ಎಷ್ಟು ಕೂಗಿದೆವು. ಅದೇ ವರ್ಷ ಜುಲೈಯಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲಿನಲ್ಲಿ ಜಾರಿ ಗುದ್ದಿತು, ನಾಲ್ಕು ಜನ ಹೋದರು. ಆ ದಾರಿ ನೆನಪಾದರೆ ಒಂದೇ ತಂತಿ ಸಾಕು ಅನ್ನಿಸುತ್ತದೆ. ಕೆಡಲಿಕ್ಕೆ ಕಮ್ಮಿ ಇದ್ದಷ್ಟು ಒಳ್ಳೆಯದು.

ಇದಕ್ಕೆ ಅವಳಲ್ಲಿ ಉತ್ತರ ಇರಲಿಲ್ಲ. ಇದ್ದಿದ್ದರೆ ನಾನೇ ಎದ್ದು ಕೇಳಿಸಿಕೊಳ್ಳುತ್ತಿದ್ದೆ, ನಮ್ಮೆಲ್ಲರಿಗೂ ಬೇಕಾದ ಉತ್ತರ ಅದು. ಸ್ವಲ್ಪ ತಡೆದು ಅವಳು ಬೇರೆ ಕಡೆಯಿಂದ ಬಂದಳು.

ಸೊಸೆ: ದೂರದ ಮಾತು ಒಪ್ಪಿದೆ. ಮಂಗಳೂರಿನ ಡಾಕ್ಟರು ಪದ್ಮನಾಭ ಕಾಮತರು ಹಳ್ಳಿಗಳಿಗೆ ಇಸಿಜಿ ಯಂತ್ರ ಹಂಚಿ, ವಾಟ್ಸ್ಆ್ಯಪ್‌ನಲ್ಲಿ ಬಂದ ಪಟ್ಟಿ ನೋಡಿ ಸಲಹೆ ಕೊಡುವ ಏರ್ಪಾಡು ಮಾಡಿದ್ದು ಈ ದೂರದ ಸಂಕಟಕ್ಕೇ. ಆದರೆ ಪಟ್ಟಿ ಫೋನಿನಲ್ಲಿ ಹೋಗುತ್ತದೆ, ತಂತಿ ಕೂರಿಸಲಿಕ್ಕೆ ಜನವೇ ಹೋಗಬೇಕು. ಸರಿ. ಮೇಲಿನ ತಂತಿ ಎಂತ ಮಾಡುತ್ತದೆ ಅಂತ ನೀವು ತಿಳಿದಿದ್ದೀರಿ?

ಮಾವ: ಕಿವಿಗೆ ಹೊಡೆಯುತ್ತದೆ.

ಸೊಸೆ: ನಿಮ್ಮ ಸಂಗತಿಯಲ್ಲಿ ಹೊಡೆಯುವುದು ಕಮ್ಮಿ, ಕೇಳುವುದು ಹೆಚ್ಚು. ಕಿವಿ ಮಿಡಿದದ್ದನ್ನು ಕೇಳಿಸಿಕೊಂಡು, ಸೆಕೆಂಡಿನ ಆರನೆಯ ಒಂದು ಪಾಲಿನಷ್ಟು ತಡೆದು, ಹೊಟ್ಟೆಗೆ ಹೇಳುತ್ತದೆ. ತವಾರನ ಗಂಟು ಮಾಡುತ್ತಿದ್ದ ಕೆಲಸವನ್ನೇ. ಆ ತಡೆ ಇದ್ದರೆ ಮಾತ್ರ ದೂಡಿದ್ದು ಒಳಗೆ ಹೋದ ಮೇಲೆ ಬಾಗಿಲು ಮುಚ್ಚುತ್ತದೆ. ನೀವು ನಡೆದರೆ ಕಿವಿ ಬೇಗ ಮಿಡಿಯುತ್ತದೆ, ಹೊಟ್ಟೆಯೂ ಜತೆಗೆ ಓಡುತ್ತದೆ. ಸಿಟ್ಟು ಬಂದರೂ ಹಾಗೇ.

ಮಾವ: ಒಂದು ತಂತಿಯದರಲ್ಲೂ ಮೈ ಅಲುಗಿದ್ದು ಅರಿತು ವೇಗ ಏರಿಸುವ ಜಾತಿ ಉಂಟಂತಲ್ಲ?

ಸೊಸೆ: ಉಂಟು. ಆದರೆ ಅದಕ್ಕೆ ಗೊತ್ತಾಗುವುದು ಅಲುಗಾಟ ಒಂದೇ. ಕುಮಟೆಯ ಬಸ್ಸಿನಲ್ಲಿ ಗುಂಡಿ ಹಾರಿದರೂ ಓಡಬಹುದು. ಕೂತಲ್ಲೇ ಸಿಟ್ಟು ಬಂದರೆ ಗೊತ್ತಾಗುವುದಿಲ್ಲ.

ಮಾವ: ಅದು ಒಳ್ಳೆಯದೇ. ಇನ್ನೂ ಒಂದು ಸಾಕ್ಷಿ ಇದೆ ನನ್ನ ಹತ್ತಿರ, ನಮ್ಮ ಭಾಗವತರು. ಅವರ ಕಿವಿ ಮಿಡಿಯುವುದನ್ನೇ ಬಿಟ್ಟು ಬರೀ ನಡುಗುತ್ತಿತ್ತು, ಏಟ್ರಿಯಲ್ ಫಿಬ್ರಿಲೇಶನ್. ದೂಡುವ ಪಾಲು ಸೊನ್ನೆ. ಹಾಗಿದ್ದೂ ಹನ್ನೆರಡು ವರ್ಷ ಬದುಕಿದರು. ಮೊದಲ ಹತ್ತು ವರ್ಷ ಪದ ಹೇಳುತ್ತಿದ್ದರು.

ಸೊಸೆ: ಕೊನೆಯ ಎರಡು ವರ್ಷ?

ಮಾವ ಉತ್ತರಿಸಲಿಲ್ಲ. ಭಾಗವತರ ಬಲಗೈ, ಬಲಗಾಲು, ಮಾತು ಮೂರೂ ಒಂದೇ ಬೆಳಿಗ್ಗೆ ಹೋದದ್ದು ಈ ಊರಿಗೆಲ್ಲ ಗೊತ್ತು.

ಸೊಸೆ: ನೀವು ಸುಮ್ಮನೆ ಜೋತಿರುತ್ತದೆ ಅಂದಿರಲ್ಲ, ಆ ನಾಯಿಕಿವಿ. ಕಿವಿ ಹಿಂಡದೆ ನಡುಗಿದರೆ ರಕ್ತ ಆ ಮೂಲೆಯಲ್ಲಿ ನಿಂತು ಮೊಸರಿನ ಹಾಗೆ ಹೆಪ್ಪುಗಟ್ಟುತ್ತದೆ. ತುಂಡು ಕಳಚಿ ಮಿದುಳಿಗೆ ಹೋಗುತ್ತದೆ. ಹಾಗಿದ್ದವರಿಗೆ ಪಾರ್ಶ್ವವಾಯು ಬರುವ ಸಂಭವ ಸುಮಾರು ಐದು ಪಟ್ಟು. ರಕ್ತ ತೆಳ್ಳಗೆ ಮಾಡುವ ಮಾತ್ರೆ ಅದಕ್ಕೇ ಕೊಟ್ಟಿದ್ದರು.

ಮಾವ: ಬಸಳೆ ಹುಳಿ ತಿನ್ನಲಿಕ್ಕೆ ಲೆಕ್ಕ ಇಡಬೇಕು, ತಿಂಗಳು ತಿಂಗಳು ರಕ್ತ ಕೊಡಬೇಕು ಅಂತ ಬಿಟ್ಟರು. ಬೈದಿದ್ದೆ ನಾನು. (ತಡೆದು) ಆದರೂ ಅವರನ್ನು ಕೆಡವಿದ್ದು ಹೆಪ್ಪು, ದೂಡದೆ ಇದ್ದದ್ದಲ್ಲ. ನಡುಗುವ ಕಿವಿಯನ್ನು ಸರಿದಾರಿಗೆ ತರಲಿಕ್ಕೆ ಡಾಕ್ಟರುಗಳೂ ಹಟ ಹಿಡಿಯುವುದಿಲ್ಲ. ಅಮೆರಿಕದ್ದೇ, 2002ರದ್ದೇ, ನಾಲ್ಕು ಸಾವಿರ ಜನರ ಅಧ್ಯಯನ. ತಾಳಕ್ಕೆ ತಂದರೂ ಒಂದೇ, ನಡುಗಲಿಕ್ಕೆ ಬಿಟ್ಟು ವೇಗ ಮಾತ್ರ ಹತೋಟಿಯಲ್ಲಿಟ್ಟರೂ ಒಂದೇ ಅಂತ ಬಂತು.

ಸೊಸೆ: 2020ರಲ್ಲಿ ಯುರೋಪಿನಿಂದ ಬಂದದ್ದು ಬೇರೆ ಹೇಳಿತು. ಕಾಯಿಲೆ ಶುರುವಾದ ಮೊದಲ ವರ್ಷದಲ್ಲೇ ತಾಳಕ್ಕೆ ತಂದರೆ ಲಾಭ ಇದೆ ಅಂತ. ಹಟ ಮತ್ತೆ ಶುರುವಾಗಿದೆ.

ಮಾವ: ಹದಿನೆಂಟು ವರ್ಷಕ್ಕೆ ಮಾತು ಬದಲಿಸುತ್ತಾರೆ. ನನಗೆ ಅಷ್ಟು ಕಾಯಲಿಕ್ಕೆ ಆಗುವುದಿಲ್ಲ.

ಸೊಸೆ: ಕಿವಿ ಕೈಕೊಟ್ಟರೆ ಗಂಟೆಗಳಲ್ಲಿ ಜೀವಕ್ಕೇ ಕುತ್ತು ಬರುವವರೂ ಇದ್ದಾರೆ ಮಾವ, ನಾನು ಕಣ್ಣಾರೆ ಕಂಡಿದ್ದೇನೆ. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ಜ್ವರ ಬಂದು ಎಡಗಡೆಯ ಕವಾಟ ಅಂಟಿಕೊಂಡ ಹೆಂಗಸರು. ನಾಲ್ಕರಿಂದ ಆರು ಚದರ ಸೆಂಟಿಮೀಟರ್ ಇರಬೇಕಾದ ಬಾಗಿಲು ಒಂದಕ್ಕೆ ಇಳಿದಿರುತ್ತದೆ. ಅಂಥವಳು ಬಸುರಿ ಆಗುತ್ತಾಳೆ, ಮೈಯಲ್ಲಿ ರಕ್ತ ಹೆಚ್ಚುತ್ತದೆ, ನಾಡಿ ಏರುತ್ತದೆ. ಅಷ್ಟರಲ್ಲಿ ಹಿಗ್ಗಿ ಸೋತ ಕಿವಿ ಒಂದು ದಿನ ನಡುಗಲು ಶುರುಮಾಡುತ್ತದೆ. ಬಾಗಿಲು ಕಿರಿದು, ಬಸ್ಸು ನಿಲ್ಲುವುದು ಅರ್ಧ ಕ್ಷಣ, ಕಂಡಕ್ಟರ್ ಇಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿ, ಬಾಯಲ್ಲಿ ನೊರೆ. ಅವಳಿಗೆ ಹೇಳಿ ನೋಡುವ, ನಿನ್ನ ಕಿವಿಯ ಪಾಲು 20 ಪರ್ಸೆಂಟ್ ಮಾತ್ರ ಅಂತ.

ಮಾವ: ಉಳಿಯುತ್ತಾರಾ?

ಸೊಸೆ: ವೇಗ ಇಳಿಸಿ, ನೀರು ಇಳಿಸಿ, ಆಮೇಲೆ ತೊಡೆಯ ನಾಳದಿಂದ ಬಲೂನು ಹಾಕಿ ಕವಾಟ ಬಿಡಿಸಿದರೆ ಎದ್ದು ಕೂರುತ್ತಾರೆ. ಜಪಾನಿನ ಕಾಂಜಿ ಇನೊವೆ 1980ರ ದಶಕದಲ್ಲಿ ತಂದ ವಿದ್ಯೆ. ಬೆಂಗಳೂರಿನ ಜಯದೇವ ಆಸ್ಪತ್ರೆ ಇದನ್ನು ಸಾವಿರ ಸಾವಿರ ಮಾಡಿ ಹೆಸರಾದದ್ದು.

ಮಾವ: ಅದು ಅವಳ ಹೃದಯ. ನನ್ನದು ಹಾಗಲ್ಲ.

ಸೊಸೆ: ಅಲ್ಲ. ಆದರೆ 20ರ ಹುಡುಗನದ್ದೂ ಅಲ್ಲವಲ್ಲ, ನೀವು ಬೋರ್ಡಿನ ಮೇಲೆ ಬರೆದದ್ದು ಅವನದ್ದು.

ಮಾಸ್ತರು ಕವಳದ ತಟ್ಟೆಗೆ ಕೈ ಚಾಚಿದರು. ಸೊಸೆ ತಟ್ಟೆಯನ್ನು ನನ್ನ ಕಡೆಗೆ ಸರಿಸಿದಳು.

ಮಾವ: ಒಂದು ಮಾತು ಹೇಳಲಾ? ನಿನ್ನ ಬಸ್ಸಿಗಿಂತ ನನಗೆ ನನ್ನ ಚಂಡೆಯಲ್ಲಿ ಇದು ಹೆಚ್ಚು ತಿಳಿಯುತ್ತದೆ. ಮದ್ದಳೆ ರಾತ್ರಿಯಿಡೀ ಇರಬೇಕು. ಅದು ನಿಂತರೆ ಆಟ ನಿಂತಿತು. ಚಂಡೆ ಹಾಗಲ್ಲ. ದಮಯಂತಿ ಅಳುವಾಗ ಚಂಡೆಯವ ಕೋಲು ಕೆಳಗಿಟ್ಟು ಕೂತಿರುತ್ತಾನೆ. ರಾತ್ರಿಯ ತಾಸು ಲೆಕ್ಕ ಹಾಕಿದರೆ ಅವನ ಪಾಲು ಸಣ್ಣದೇ ಇರಬಹುದು. ಆದರೆ ಯುದ್ಧದ ಪದಕ್ಕೆ ಚಂಡೆ ಇಲ್ಲದೆ ವೇಷ ಕುಣಿಯಲಿ ನೋಡುವ!

ಸೊಸೆ: ಮಾವ, ಇದು ನನ್ನ ಕಡೆಯ ವಾದ ಆಯಿತು.

ಮಾವ: ಆಗಲಿಲ್ಲ. ನನ್ನ ಆಟದಲ್ಲಿ ಇನ್ನು ಯುದ್ಧದ ಪದ ಉಂಟಾ ಅಂತ ಪ್ರಶ್ನೆ. ಮಂಗಳಕ್ಕೆ ಬಂದ ಆಟಕ್ಕೆ ಹೊಸ ಚಂಡೆ ಕೊಳ್ಳಬೇಕಾ?

ಸೊಸೆ: ಮಂಗಳಕ್ಕೆ ಬಂತು ಅಂತ ನಿಮಗೆ ಯಾರು ಹೇಳಿದರು? ಜ್ವರ ಬಂದರೆ, ಹೊಟ್ಟೆ ಕೆಟ್ಟರೆ, ಬಾವಿಕಟ್ಟೆಯಿಂದ ಎರಡು ಕೊಡ ಎತ್ತಿದರೆ, ಈ ಹೃದಯಕ್ಕೆ ಅದೇ ಯುದ್ಧ. ಮತ್ತೆ ಕಿವಿಗೆ ಇನ್ನೊಂದು ಉದ್ಯೋಗ ಇದೆ, ನೀವು ಕಲಿಸದ್ದು. 1981ರಲ್ಲಿ ಕೆನಡಾದಲ್ಲಿ ಅಡಾಲ್ಫೊ ಡಿ ಬೋಲ್ಡ್ ಅನ್ನುವವರು ಇಲಿಯ ಹೃತ್ಕರ್ಣ ಅರೆದು ರಸ ತೆಗೆದು ಬೇರೆ ಇಲಿಗಳಿಗೆ ಚುಚ್ಚಿದರು. ಆ ಇಲಿಗಳು ಒಂದೇ ಸಮನೆ ಉಪ್ಪು, ನೀರು ಹೊರಗೆ ಹಾಕಿದವು. ಹೊಟ್ಟೆಯ ರಸ ಕೊಟ್ಟರೆ ಹಾಗಾಗಲಿಲ್ಲ. ರಕ್ತ ಹೆಚ್ಚಾಗಿ ಕಿವಿ ಹಿಗ್ಗಿದರೆ ಅದು ಒಂದು ಹಾರ್ಮೋನು ಬಿಟ್ಟು ಮೂತ್ರಪಿಂಡಕ್ಕೆ ಹೇಳುತ್ತದೆ, ಉಪ್ಪು ಹೊರಗೆ ಹಾಕು ಅಂತ.

ಮಾವ: (ನೆಟ್ಟಗೆ ಕೂತು) ಹೌದಾ? ಹೃದಯ ಒಂದು ಗ್ರಂಥಿಯಾ?

ಸೊಸೆ: ಹೌದು. ಸಾಣಿಕಟ್ಟಾದ ಉಪ್ಪು ಒಂದು ಚಿಟಿಕೆ ಹೆಚ್ಚು ಬಿದ್ದರೂ ಎಣಿಸುವವ ಒಳಗೆ ಕೂತಿದ್ದಾನೆ.

ಮಾವ: 1981 ಅಂದರೆ ನಾನು ಕೆಲಸಕ್ಕೆ ಸೇರಿ ಎರಡನೇ ವರ್ಷ. ಮೂವತ್ತು ವರ್ಷ ನನ್ನ ಪಾಠದಲ್ಲಿ ಇದು ಬರಲೇ ಇಲ್ಲ. (ಬಹಳ ಹೊತ್ತು ಸುಮ್ಮನಿದ್ದು) ಅದಕ್ಕೂ ತಂತಿ ಬೇಡ ಅಲ್ಲವಾ?

ಸೊಸೆ: ಬೇಡ.

ಮಾವ: ಹಾಗಾದರೆ ಅದು ವಾದಕ್ಕೆ ಸೇರುವುದಿಲ್ಲ. ಆದರೆ ಒಳ್ಳೆಯ ಸಂಗತಿ.

ಮಠದ ಕಡೆಯಿಂದ ಸಂಜೆಯ ಘಂಟೆ ಕೇಳಿತು. ಹೆದ್ದಾರಿಯಲ್ಲಿ ಲಾರಿಗಳ ಸದ್ದು. ಕಾರಿನವನ ಫೋನು ಬಂತು, ಬೈಲೂರು ದಾಟಿದೆ ಎಂದ.

ಸೊಸೆ: ಅಲ್ಲಿ ಡಾಕ್ಟರು ನೋಡಿ ಹೇಳುತ್ತಾರೆ. ನಿಮ್ಮ ಕಾಗದ ಅವರಿಗೂ ತೋರಿಸಿ. ತೊಡಕು ಎಷ್ಟು, ಅವರ ಕೈಯಲ್ಲಿ ಎಷ್ಟು ಆಗಿದೆ ಅಂತ ನೇರ ಕೇಳಿ. ಒಂದೇ ಸಾಕು ಅಂತ ಅವರು ಹೇಳಿದರೆ ನಾನು ಮಾತಾಡುವುದಿಲ್ಲ.

ಮಾವ: ಎರಡು ಬೇಕು ಅಂದರೆ ನಾನು ಮಾತಾಡುತ್ತೇನೆ.

ಸೊಸೆ: ಅದು ಗೊತ್ತು. ಅಂದ ಹಾಗೆ, ಯಾವುದೇ ಹಾಕಿದರೂ ಸುಮಾರು ಆರು ವಾರ ಆ ಬದಿಯ ಕೈಯನ್ನು ಹೆಗಲಿಗಿಂತ ಮೇಲೆ ಎತ್ತುವ ಹಾಗಿಲ್ಲ. ಸಾಮಾನ್ಯವಾಗಿ ಎಡಗಡೆ ಹಾಕುತ್ತಾರೆ.

ಮಾವ: ಆರು ವಾರವಾ? (ಬೆರಳು ಮಡಚಿ ಎಣಿಸಿ) ಶ್ರಾವಣ ಹೋಗುತ್ತದೆ. ಹೋಗಲಿ, ಮೇಳ ಹೊರಡುವುದು ದೀಪಾವಳಿ ಕಳೆದ ಮೇಲೆ. ಚೌತಿಗೆ ಒಂದು ಆಟ ಒಪ್ಪಿಕೊಂಡಿದ್ದೇನೆ, ಅದೊಂದು ಕಷ್ಟ. ಬಲಗಡೆ ಹಾಕಿ ಅಂತ ಹೇಳಿದರೆ ಹಾಕುತ್ತಾರಾ?

ಸೊಸೆ: ಹಾಕುತ್ತಾರೆ. ಚಂಡೆಗೆ ಕೋಲು ಎಷ್ಟು ಮಾವ?

ಮಾವ: ಎರಡು.

ಕಾರಿನ ಬೆಳಕು ಗೇಟಿನ ಮೇಲೆ ಬಿತ್ತು. ಮಾಸ್ತರು ಎದ್ದವರು ಗೋಡೆ ಹಿಡಿದು ಒಂದು ಗಳಿಗೆ ನಿಂತರು. ಸೊಸೆ ಅವರ ತೋಳಿನ ಕೆಳಗೆ ಕೈ ಕೊಟ್ಟಳು, ನಾನು ಚೀಲ ಎತ್ತಿಕೊಂಡೆ.